ಅಲ್ಪವ್ಯಯದ ಭಯಾನಕ ಚಲಚ್ಚಿತ್ರಗಳಲ್ಲಿ ಸಂಗೀತದ ವ್ಯಂಜಕತ್ವ

ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ ಆನಂದವರ್ಧನನು ವಾಚಕತ್ವಕ್ಕೂ ವ್ಯಂಜಕತ್ವಕ್ಕೂ ಇರುವ ಭೇದವನ್ನು ಸ್ಥಾಪಿಸುತ್ತ ಗೀತಶಬ್ದಗಳನ್ನು ನಿದರ್ಶನವಾಗಿ ತೆಗೆದುಕೊಂಡಿರುವನು. ಹಾಡಿನ ನಾದಕ್ಕೆ ವಾಚ್ಯಾರ್ಥವಿಲ್ಲ. ಆದರೂ ಅದರಿಂದ ರಸವು ಅಭಿವ್ಯಕ್ತವಾಗುವುದು ಎಲ್ಲರ ಅನುಭವಕ್ಕೂ ಬಂದ ಸಂಗತಿ. ಆದುದರಿಂದ ಅರ್ಥವನ್ನು ಹೇಳುವ ಶಕ್ತಿ ಬೇರೆ, ರಸವನ್ನು ತೋರಿಸುವ ಶಕ್ತಿ ಬೇರೆ ಎಂಬುದು ಅವನ ಮತ. ಇದಕ್ಕೂ ಬಹು ಹಿಂದೆಯೇ ಭರತಮುನಿಯು ಸ್ವರಗಳನ್ನು ರಸಗಳಿಗೆ ಹಂಚಿಕೊಟ್ಟು, ಭಯಾನಕ ಬೀಭತ್ಸಗಳಿಗೆ ಧೈವತವನ್ನು ಗೊತ್ತುಮಾಡಿದ್ದನು. ಇವೆರಡು ಮಾತುಗಳನ್ನೂ ಜೊತೆಯಲ್ಲಿಟ್ಟುಕೊಂಡು ಆಲೋಚಿಸಿದರೆ ಒಂದು ಪ್ರಶ್ನೆ ಏಳುವುದು: ನಾದವು ಭಯವನ್ನು ವ್ಯಂಜಿಸುವುದು ತನ್ನ ಸ್ವಭಾವದಿಂದಲೋ, ಬಳಕೆಯಿಂದ ಬಂದ ಸಂಕೇತದಿಂದಲೋ, ಅಥವಾ ಸಂದರ್ಭದ ಬಲದಿಂದಲೋ?

ಈ ಪ್ರಶ್ನೆಯ ಪರೀಕ್ಷೆಗೆ ಇಪ್ಪತ್ತನೆಯ ಶತಮಾನದ ಒಂದು ಕಲಾಪ್ರಕಾರವು ಅನಿರೀಕ್ಷಿತವಾದ ಸಾಮಗ್ರಿಯನ್ನು ಒದಗಿಸುತ್ತದೆ. ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಸುಮಾರು ೧೯೩೦ರಿಂದ ೧೯೬೮ರ ವರೆಗೆ ಸ್ವಲ್ಪ ಹಣದಲ್ಲಿ, ಸ್ವಲ್ಪ ದಿನಗಳಲ್ಲಿ ತಯಾರಾದ ಭಯಾನಕ ಚಿತ್ರಗಳೂ ವೈಜ್ಞಾನಿಕ ಕಲ್ಪನಾಚಿತ್ರಗಳೂ ಈ ಪ್ರಕಾರಕ್ಕೆ ಸೇರಿದುವು. ಇಂತಹ ಅಗ್ಗದ ಚಿತ್ರಗಳನ್ನು ವಿದ್ವಾಂಸರ ಮುಂದೆ ಚರ್ಚೆಗೆ ತರುವುದು ಉಚಿತವೇ ಎಂದು ಕೆಲವರು ಶಂಕಿಸಬಹುದು. ಅದಕ್ಕೆ ಸಮಾಧಾನವಿದು. ಸರ್ವಾಂಗಸುಂದರವಾದ ನಾಟಕದಲ್ಲಿ ನಟನ ಅಭಿನಯ, ರಂಗಸಜ್ಜಿಕೆ, ಮಾತು, ಸಂಗೀತ ಎಲ್ಲವೂ ಕೂಡಿ ರಸಸಿದ್ಧಿಯಾಗುವುದರಿಂದ, ಅದರಲ್ಲಿ ಸಂಗೀತದ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳುವುದು ಕಷ್ಟ. ಬಡಚಿತ್ರದಲ್ಲಿಯಾದರೋ ಆಲಂಬನವಿಭಾವವೇ ದುರ್ಬಲವಾಗಿರುತ್ತದೆ. ೧೯೫೩ರ ‘ರೋಬಟ್ ಮಾನ್‌ಸ್ಟರ್’ ಎಂಬ ಚಿತ್ರದಲ್ಲಿ ಭೂಲೋಕವನ್ನು ನಾಶಮಾಡಲು ಬಂದ ಅನ್ಯಗ್ರಹದ ಜೀವಿಯೆಂದರೆ, ಗೊರಿಲ್ಲದ ತೊಗಲನ್ನು ತೊಟ್ಟು ನೀರಿನಲ್ಲಿ ಮುಳುಗುವವರ ಶಿರಸ್ತ್ರಾಣದಂತಹದನ್ನು ತಲೆಗೆ ಸಿಕ್ಕಿಸಿಕೊಂಡ ಒಬ್ಬ ಮನುಷ್ಯ. ಇದನ್ನು ಕಂಡು ನಗೆ ಬರುವುದೇ ಸಹಜ. ಆದರೂ ಇಂತಹ ಚಿತ್ರಗಳಲ್ಲಿ ಅಲ್ಲಲ್ಲಿ ಭಯವು ನಿಜವಾಗಿ ತಲೆದೋರುವುದುಂಟು. ಕಣ್ಣಿಗೆ ಕಾಣುವ ಕಾರಣವು ಸಾಲದೆ ಇರುವಾಗ ಕಿವಿಗೆ ಕೇಳುವ ಕಾರಣವನ್ನು ಹುಡುಕಬೇಕಾಗುವುದಷ್ಟೆ.

ಈ ಚಿತ್ರಗಳ ಸಂಗೀತಕ್ಕೆ ಭಯವ್ಯಂಜಕತ್ವವು ಬಂದುದು ಸ್ವರಗಳ ಸ್ವಭಾವದಿಂದ ಸ್ವಲ್ಪ, ಬಳಕೆಯಿಂದಲೂ ಸಂದರ್ಭದಿಂದಲೂ ಬಹಳ. ಆ ಬಳಕೆಯನ್ನು ಗಟ್ಟಿಮಾಡಿದ್ದು ಬಡತನವೇ. ಈ ಪಕ್ಷವನ್ನು ನಿದರ್ಶನಗಳಿಂದ ಸಮರ್ಥಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಪೂರ್ವವೃತ್ತಾಂತ

ಚಲಚ್ಚಿತ್ರವು ಮೂಕವಾಗಿದ್ದ ಕಾಲದಲ್ಲಿಯೂ ಅದು ನಿಶ್ಶಬ್ದವಾಗಿರಲಿಲ್ಲ. ಚಿತ್ರಮಂದಿರದಲ್ಲಿ ಪಿಯಾನೋ ಬಾರಿಸುವವನೊಬ್ಬನಾದರೂ ಇರುತ್ತಿದ್ದನು. ೧೯೧೦ರಲ್ಲಿ ಎಡಿಸನ್ ಸಂಸ್ಥೆಯವರು ‘ಫ್ರಾಂಕೆನ್‌ಸ್ಟೈನ್’ ಎಂಬ ಕಿರುಚಿತ್ರವನ್ನು ಹೊರಡಿಸಿದಾಗ ಯಾವ ದೃಶ್ಯಕ್ಕೆ ಯಾವ ಸಂಗೀತವನ್ನು ನುಡಿಸಬೇಕೆಂಬುದನ್ನೂ ತಮ್ಮ ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ಕೃತಕಜೀವಿಯು ತೋರುವ ಕಡೆಗಳಿಗೆ ಅವರು ಸೂಚಿಸಿದುದು ವೇಬರನ ‘ಡೆರ್ ಫ್ರೈಷ್ಯುಟ್ಸ್’ ಎಂಬ ಜರ್ಮನ್ ಗೀತನಾಟಕದ ಸಂಗೀತ. ೧೮೨೧ರಲ್ಲಿ ಬರ್ಲಿನ್ ನಗರದಲ್ಲಿ ಮೊದಲು ಪ್ರಯೋಗವಾದ ಈ ನಾಟಕದಲ್ಲಿ, ತೋಳಗಳ ಕಣಿವೆಯಲ್ಲಿ ನಡುರಾತ್ರಿಯಲ್ಲಿ ಮಾಯೆಯ ಗುಂಡುಗಳನ್ನು ಎರಕಹೊಯ್ಯುವ ದೃಶ್ಯವೊಂದಿದೆ. ಅದರ ಕಂಪಿಸುವ ತಂತಿಗಳೂ ತಗ್ಗಿನ ಸ್ವರಗಳೂ ನೆಲೆಯಿಲ್ಲದ ಸ್ವರಮೇಳಗಳೂ ಯುರೋಪಿನಲ್ಲಿ ಭಯಕ್ಕೆ ಮಾದರಿಯಾದುವು. ಹೀಗೆ ಚಿತ್ರಗಳ ಭಯಾನಕ ಸಂಗೀತವು ಹುಟ್ಟಿದಾಗಲೇ ಎರವಲು ತಂದುದಾಗಿದ್ದಿತು.

ವಾಕ್ಚಿತ್ರಗಳು ಬಂದ ಹೊಸತರಲ್ಲಿ ಸಂಗೀತವು ಹಿಂದೆ ಸರಿಯಿತು. ಮಾತನ್ನೂ ವಾದ್ಯವನ್ನೂ ಬೆರಸಿ ಮುದ್ರಿಸುವುದು ಆಗ ಕಷ್ಟವಾಗಿದ್ದಿತು. ಅಲ್ಲದೆ ವಾದ್ಯಗಾರರು ತೆರೆಯ ಮೇಲೆ ಕಾಣದೆ ಇರುವಾಗ ನಾದವು ಎಲ್ಲಿಂದ ಬಂದಿತೆಂದು ಪ್ರೇಕ್ಷಕರು ಕೇಳಿಯಾರೆಂಬ ಶಂಕೆಯೂ ಇದ್ದಿತು. ಯೂನಿವರ್ಸಲ್ ಸಂಸ್ಥೆಯ ೧೯೩೧ರ ‘ಡ್ರಾಕುಲಾ’ ಚಿತ್ರದಲ್ಲಿ ಹೆಸರುಗಳ ಪಟ್ಟಿಯ ಹಿಂದೆಯೂ ಸಂಗೀತಸಭೆಯ ಒಂದು ದೃಶ್ಯದಲ್ಲಿಯೂ ಹೊರತು ಸಂಗೀತವು ಇಲ್ಲವೆಂದೇ ಹೇಳಬೇಕು. ಹೆಸರುಗಳ ಹಿಂದೆ ಕೇಳಿಬರುವುದು ಚೈಕೋವ್‌ಸ್ಕಿಯ ‘ಹಂಸಸರೋವರ’ ನೃತ್ಯನಾಟಕದ ಒಂದು ಭಾಗ. ಮರುವರ್ಷದ ‘ದಿ ಮಮ್ಮಿ’ ಚಿತ್ರಕ್ಕೂ ಅದನ್ನೇ ಮೊದಲಿಗೆ ಇಟ್ಟರು. ೧೮೭೭ರಲ್ಲಿ ಪ್ರಯೋಗವಾದ ಈ ನಾಟಕದಲ್ಲಿ ರಕ್ತಪಿಶಾಚವೂ ಇಲ್ಲ, ಶವವೂ ಇಲ್ಲ. ಇರುವುದು ಹಂಸವಾದ ರಾಜಕುಮಾರಿಯ ವಿರಹ. ಆದರೂ ಈ ಚಿತ್ರಗಳನ್ನು ಕಂಡ ಒಂದು ತಲೆಮಾರಿನವರಿಗೆ ಆ ರಾಗವು ಕತ್ತಲೆಯನ್ನೂ ಗೋರಿಯನ್ನೂ ನೆನಪಿಗೆ ತರುವಂತಾಯಿತು. ವಿಪ್ರಲಂಭವನ್ನು ಸೂಚಿಸುತ್ತಿದ್ದ ಸ್ವರಗಳು ಸಹವಾಸದಿಂದಲೇ ಭಯಾನಕಕ್ಕೆ ಒಳಪಟ್ಟುವು. ಬಳಕೆಯು ಅರ್ಥವನ್ನು ಕೊಡುವುದಕ್ಕೆ ಇದು ಮೊದಲನೆಯ ನಿದರ್ಶನ.

೧೯೩೩ರಲ್ಲಿ ‘ಕಿಂಗ್ ಕಾಂಗ್’ ಚಿತ್ರಕ್ಕೆ ಮಾಕ್ಸ್ ಸ್ಟೈನರನೂ ೧೯೩೫ರಲ್ಲಿ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರಕ್ಕೆ ಫ್ರಾನ್ಸ್ ವಾಕ್ಸ್‌ಮನ್ನನೂ ವಿಸ್ತಾರವಾದ ಸಂಗೀತವನ್ನು ರಚಿಸಿ ಹೊಸ ದಾರಿಯನ್ನು ತೆರೆದರು. ಇವು ಅಗ್ಗದ ಚಿತ್ರಗಳಲ್ಲ. ಆದರೆ ವಾಕ್ಸ್‌ಮನ್ನನ ರಚನೆಯ ಮುಂದಿನ ಗತಿಯು ನಮ್ಮ ವಿಷಯಕ್ಕೆ ಸಂಬಂಧಪಟ್ಟುದು. ಮರುವರ್ಷವೇ ಅದೇ ಸಂಸ್ಥೆಯವರು ‘ಫ್ಲಾಶ್ ಗಾರ್ಡನ್’ ಎಂಬ ೧೩ ಕಂತುಗಳ ಧಾರಾವಾಹಿ ಚಿತ್ರವನ್ನು ತೆಗೆದಾಗ ಹೊಸ ಸಂಗೀತಕ್ಕೆ ಹಣವನ್ನು ವೆಚ್ಚಮಾಡದೆ ವಾಕ್ಸ್‌ಮನ್ನನ ಸಂಗೀತದ ತುಣುಕುಗಳನ್ನು ತಂದು ಜೋಡಿಸಿದರು. ಶವಗಳಿಂದ ಹೊಲಿದ ವಧುವಿಗಾಗಿ ಹುಟ್ಟಿದ ಸ್ವರಗಳು ಒಂದೇ ವರ್ಷದಲ್ಲಿ ಆಕಾಶನೌಕೆಗಳ ಬೆನ್ನುಹತ್ತಿದುವು. ಭಯಾನಕಕ್ಕೂ ವೈಜ್ಞಾನಿಕ ಅದ್ಭುತಕ್ಕೂ ಒಂದೇ ನಾದಭಾಷೆಯು ಸಲ್ಲುವಂತಾದುದಕ್ಕೆ ಇಂತಹ ಮಿತವ್ಯಯವೂ ಒಂದು ಕಾರಣವೆನ್ನಬಹುದು.

೨. ಸಂಗೀತವು ಒದಗಿಬಂದ ಬಗೆ

೧೯೫೦ರ ದಶಕದಲ್ಲಿ ಇಂತಹ ಚಿತ್ರಗಳು ಗುಂಪುಗುಂಪಾಗಿ ಹೊರಟುವು. ಅವುಗಳಿಗೆ ಸಂಗೀತವು ಒದಗಿದ ಮಾರ್ಗಗಳನ್ನು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು, ದೊಡ್ಡ ಸಂಸ್ಥೆಯ ಸಂಬಳದ ಸಂಗೀತಕರ್ತೃಗಳಿಂದ ಕೂಡುರಚನೆ. ಯೂನಿವರ್ಸಲ್ ಸಂಸ್ಥೆಯಲ್ಲಿ ಸಂಗೀತಶಾಖೆಗೆ ಜೋಸೆಫ್ ಗರ್ಷೆನ್‌ಸನ್ ಮುಖ್ಯಸ್ಥನಾಗಿದ್ದನು. ಅವನ ಕೈಕೆಳಗೆ ಹರ್ಮನ್ ಸ್ಟೈನ್, ಹೆನ್ರಿ ಮಾನ್‌ಸಿನಿ ಮೊದಲಾದವರು ದುಡಿಯುತ್ತಿದ್ದರು. ಹಾನ್ಸ್ ಸಾಲ್ಟರನು ಇವರಿಗಿಂತ ಹಿರಿಯ. ಒಂದೊಂದು ಚಿತ್ರವನ್ನೂ ಇಬ್ಬರು ಮೂವರಿಗೆ ಹಂಚಿ ಬೇಗನೆ ಮುಗಿಸುತ್ತಿದ್ದರು. ಹಳೆಯ ಚಿತ್ರಗಳ ರಚನೆಗಳನ್ನೂ ನಡುನಡುವೆ ಸೇರಿಸುತ್ತಿದ್ದರು. ೧೯೫೪ರ ‘ಕ್ರೀಚರ್ ಫ್ರಂ ದಿ ಬ್ಲ್ಯಾಕ್ ಲಗೂನ್’ ಚಿತ್ರದ ಸಂಗೀತದಲ್ಲಿ ಈ ಮೂವರ ಕೈಯೂ ಉಂಟು. ತೆರೆಯ ಮೇಲೆ ಕಾಣುವುದು ಗರ್ಷೆನ್‌ಸನ್ನನ ಹೆಸರು ಮಾತ್ರ.

ಎರಡನೆಯದು, ಒಬ್ಬನೇ ಸಂಗೀತಕರ್ತೃವನ್ನು ಅಲ್ಪಧನಕ್ಕೆ ಗೊತ್ತುಮಾಡಿಕೊಳ್ಳುವುದು. ರೊನಾಲ್ಡ್ ಸ್ಟೈನನು ‘ಇಟ್ ಕಾಂಕರ್ಡ್ ದಿ ವರ್ಲ್ಡ್’ (೧೯೫೬), ‘ಅಟ್ಯಾಕ್ ಆಫ್ ದಿ ೫೦ ಫುಟ್ ವುಮನ್’ (೧೯೫೮) ಮೊದಲಾದ ಅನೇಕ ಚಿತ್ರಗಳಿಗೆ ಹೀಗೆ ದುಡಿದನು. ಕೆಲವು ವೇಳೆ ಸಮರ್ಥರು ಇಂತಹ ಕೆಲಸಕ್ಕೆ ಬಂದುದು ನಿರ್ಬಂಧದಿಂದ. ಮೇಲೆ ಹೇಳಿದ ‘ರೋಬಟ್ ಮಾನ್‌ಸ್ಟರ್’ ಚಿತ್ರಕ್ಕೆ ಸಂಗೀತವನ್ನು ಬರೆದವನು ಎಲ್ಮರ್ ಬರ್ನ್‌ಸ್ಟೈನ್. ಎಡಪಂಥದವರಲ್ಲಿ ಸಹಾನುಭೂತಿಯುಳ್ಳವನೆಂಬ ಸಂದೇಹದಿಂದ ಆಗ ದೊಡ್ಡ ಸಂಸ್ಥೆಗಳು ಅವನಿಗೆ ಕೆಲಸ ಕೊಡದೆ ಇದ್ದುವು. ಮೂರು ವರ್ಷಗಳ ತರುವಾಯ ‘ದಿ ಟೆನ್ ಕಮಾಂಡ್‌ಮೆಂಟ್ಸ್’ ಎಂಬ ಬಹುವ್ಯಯದ ಚಿತ್ರಕ್ಕೆ ಸಂಗೀತವನ್ನು ಕೊಟ್ಟು ಪ್ರಸಿದ್ಧನಾದವನೂ ಇವನೇ. ಗೊರಿಲ್ಲದ ತೊಗಲಿನ ಮನುಷ್ಯನು ಬೆಟ್ಟದ ದಾರಿಯಲ್ಲಿ ಏರಿ ಇಳಿಯುವಾಗ ಬರ್ನ್‌ಸ್ಟೈನನು ಹಾಸ್ಯಮಾಡದೆ, ನಿಜವಾದ ವಿಪತ್ತೊದಗಿದೆಯೆಂಬಂತೆ ಶ್ರದ್ಧೆಯಿಂದ ಸ್ವರಗಳನ್ನು ಹೊಂದಿಸಿರುವನು. ಆ ಚಿತ್ರದಲ್ಲಿ ಗಾಂಭೀರ್ಯವೇನಾದರೂ ಉಳಿದಿದ್ದರೆ ಅದು ಈ ಶ್ರದ್ಧೆಯ ಫಲ.

ಮೂರನೆಯದು, ಒಂದೇ ಸಂಗೀತವನ್ನು ಹಲವು ಚಿತ್ರಗಳಿಗೆ ಕೊಡುವುದು. ರಾಜರ್ ಕಾರ್ಮನ್ನನ ‘ಎ ಬಕೆಟ್ ಆಫ್ ಬ್ಲಡ್’ (೧೯೫೯), ‘ದಿ ವಾಸ್ಪ್ ವುಮನ್’ (೧೯೫೯), ‘ದಿ ಲಿಟ್ಲ್ ಷಾಪ್ ಆಫ್ ಹಾರರ್ಸ್’ (೧೯೬೦) ಚಿತ್ರಗಳಿಗೆ ಜಾಸ್ ಸಂಗೀತದಲ್ಲಿ ಹೆಸರಾಂತ ಚೆಲ್ಲೋವಾದಕನಾದ ಫ್ರೆಡ್ ಕಾಟ್ಸನು ಸಂಗೀತವನ್ನು ಒದಗಿಸಿದನು. ಒಂದೇ ರಚನೆಯನ್ನು ಅವನು ಹೊಸದೆಂಬಂತೆ ಮತ್ತೆ ಮತ್ತೆ ಮಾರಿದನೆಂದು ಕಾರ್ಮನ್ನನ ಚಿತ್ರಗಳ ಚರಿತ್ರಕಾರರು ಹೇಳುವರು. ವಿಶೇಷವೇನೆಂದರೆ, ಇವುಗಳಲ್ಲಿ ಎರಡನೆಯದು ಗಂಭೀರವಾದ ಭಯಾನಕಚಿತ್ರ, ಮೂರನೆಯದು ಹಾಸ್ಯಚಿತ್ರ. ಕಾಟ್ಸನು ಕಾಲಾಂತರದಲ್ಲಿ ಕಾಲಿಫೋರ್ನಿಯದಲ್ಲಿ ಮಾನವಶಾಸ್ತ್ರದ ಪ್ರಾಧ್ಯಾಪಕನಾದನು.

ನಾಲ್ಕನೆಯದೂ ಅತ್ಯಂತ ಅಗ್ಗವಾದುದೂ ಸಂಗೀತಭಂಡಾರದಿಂದ ಕೊಳ್ಳುವುದು. ‘ಅಪಾಯ’, ‘ಓಟ’, ‘ಶೋಕ’, ‘ನಿರೀಕ್ಷೆ’ ಎಂಬಂತೆ ಭಾವಾನುಸಾರವಾಗಿ ವಿಂಗಡಿಸಿ ಮೊದಲೇ ಮುದ್ರಿಸಿಟ್ಟ ತುಣುಕುಗಳನ್ನು ಶುಲ್ಕಕ್ಕೆ ಕೊಡುವ ಸಂಸ್ಥೆಗಳು ಆಗ ಇದ್ದುವು. ಅಮೆರಿಕದ ವಾದ್ಯಗಾರರ ಸಂಘವು ಜೇಮ್ಸ್ ಪೆಟ್ರಿಲ್ಲೋ ಎಂಬುವನ ಅಧ್ಯಕ್ಷತೆಯಲ್ಲಿ ಬಹು ಬಲವಾಗಿದ್ದಿತು. ಧ್ವನಿಮುದ್ರಣವು ಜೀವಂತ ವಾದ್ಯಗಾರರ ಅನ್ನವನ್ನು ಕಸಿಯುವುದೆಂಬ ಭಯದಿಂದ ೧೯೪೨ರಲ್ಲಿ ಆ ಸಂಘವು ಮುದ್ರಣಸಂಸ್ಥೆಗಳಿಗೆ ನುಡಿಸುವುದನ್ನೇ ನಿಲ್ಲಿಸಿದ್ದಿತು. ೧೯೪೮ರಲ್ಲಿ ಮತ್ತೊಮ್ಮೆ ನಿಲ್ಲಿಸಿತು. ೧೯೫೮ರಲ್ಲಿ ಹಾಲಿವುಡ್ಡಿನ ಚಿತ್ರಸಂಸ್ಥೆಗಳ ಮೇಲೆಯೂ ಮುಷ್ಕರ ಹೂಡಿತು. ಹೀಗಾಗಿ ಬಡ ನಿರ್ಮಾಪಕನಿಗೆ ಸಮುದ್ರದಾಚೆ ಮುದ್ರಿತವಾದ ತುಣುಕುಗಳೇ ಸುಲಭವಾಗಿ ದೊರಕುತ್ತಿದ್ದುವು. ಎಡ್ವರ್ಡ್ ವುಡ್ಡನ ‘ಪ್ಲಾನ್ ೯ ಫ್ರಂ ಔಟರ್ ಸ್ಪೇಸ್’ (೧೯೫೯) ಎಂಬ ಕುಪ್ರಸಿದ್ಧ ಚಿತ್ರದ ಸಂಗೀತವನ್ನು ಗಾರ್ಡನ್ ಜಾಲರನು ಇಂತಹ ಭಂಡಾರಗಳಿಂದ ಆರಿಸಿ ಜೋಡಿಸಿದನು. ಅದರ ಆರಂಭದಲ್ಲಿ ಗುಡುಗುವ ರಚನೆಯು ಟ್ರೆವರ್ ಡಂಕನ್ ಎಂಬ ಇಂಗ್ಲಿಷ್ ಸಂಗೀತಕರ್ತೃವಿನದು. ಅದರ ಹೆಸರು ‘ಗ್ರಿಪ್ ಆಫ್ ದಿ ಲಾ’, ಎಂದರೆ ಕಾನೂನಿನ ಹಿಡಿತ. ಹೆಸರನ್ನು ನೋಡಿದರೆ ಪೋಲೀಸಿನವರ ಕಥೆಗೆ ತಕ್ಕುದು. ಚಿತ್ರದಲ್ಲಿ ಅದು ಸತ್ತವರನ್ನೆಬ್ಬಿಸುವ ಗ್ರಹಾಂತರವಾಸಿಗಳಿಗೆ ನಾಂದಿಯಾಗಿದೆ.

೩. ಸ್ವರವೂ ಭಯವೂ

ಇನ್ನು ಆ ಸಂಗೀತದ ಒಳಗನ್ನು ನೋಡುವ. ಪಾಶ್ಚಾತ್ಯ ಸಂಗೀತದಲ್ಲಿ ಭಯಕ್ಕೆ ಬಳಕೆಯಾದ ಸ್ವರಮೇಳಗಳಲ್ಲಿ ಮುಖ್ಯವಾದುದು, ಮೂರು ಮೂರು ಸ್ವರಸ್ಥಾನಗಳ ಅಂತರದಲ್ಲಿ ನಾಲ್ಕು ಸ್ವರಗಳನ್ನು ಏಕಕಾಲದಲ್ಲಿ ನುಡಿಸುವ ಮೇಳ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಷಡ್ಜ, ಸಾಧಾರಣ ಗಾಂಧಾರ, ಪ್ರತಿಮಧ್ಯಮ, ಚತುಶ್ಶ್ರುತಿ ಧೈವತ. ಸ್ಥಾಯಿಯನ್ನು ಸರಿಯಾಗಿ ನಾಲ್ಕು ಪಾಲುಮಾಡುವುದರಿಂದ ಇದಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಯಾವ ಸ್ವರವನ್ನು ಬೇಕಾದರೂ ಆಧಾರವೆಂದು ಭ್ರಮಿಸಬಹುದು. ಕೇಳುವವನು ಮನೆಯ ದಾರಿ ತಪ್ಪಿದವನಂತಾಗುವನು. ವೇಬರನ ತೋಳಗಣಿವೆಯಲ್ಲಿ ಪಿಶಾಚದ ಬರವನ್ನು ಸೂಚಿಸುವುದು ಈ ಮೇಳವೇ. ಇದರಲ್ಲಿ ಧೈವತವಿರುವುದನ್ನು ಕಂಡು ಭರತನ ವಾಕ್ಯಕ್ಕೆ ಪಶ್ಚಿಮದಿಂದ ಸಾಕ್ಷ್ಯ ದೊರಕಿತೆಂದು ಹಿಗ್ಗಬಾರದು. ಭರತನ ಗ್ರಾಮಪದ್ಧತಿಯ ಧೈವತ ಬೇರೆ, ಇದು ಬೇರೆ.

ಷಡ್ಜ ಪ್ರತಿಮಧ್ಯಮಗಳ ಅಂತರವನ್ನಂತೂ ಹದಿನೆಂಟನೆಯ ಶತಮಾನದ ಯುರೋಪಿನ ಶಾಸ್ತ್ರಕಾರರು ‘ಸಂಗೀತದೊಳಗಣ ಪಿಶಾಚ’ವೆಂದು ಕರೆದಿರುವರು. ಚಿತ್ರಗಳ ಸಂಗೀತಕರ್ತೃಗಳು ಈ ಅಂತರವನ್ನು ಸಾಕುಸಾಕೆನಿಸುವಷ್ಟು ಬಳಸಿದರು. ಆದರೆ ಕರ್ಣಾಟಕ ಸಂಗೀತದ ೭೨ ಮೇಳಕರ್ತಗಳಲ್ಲಿ ೩೬ಕ್ಕೆ ಪ್ರತಿಮಧ್ಯಮವೇ ಮಧ್ಯಮ. ಅವುಗಳಲ್ಲಿ ಒಂದು, ಹೆಸರಿನಲ್ಲಿಯೇ ಮಂಗಳವನ್ನು ಹೊತ್ತಿರುವ ಕಲ್ಯಾಣಿ. ತಂಬೂರಿಯ ಷಡ್ಜವು ನಿರಂತರವಾಗಿ ಮೊಳಗುತ್ತಿರಲು ಗಾಯಕನು ಕಲ್ಯಾಣಿಯ ಮಧ್ಯಮದಲ್ಲಿ ನಿಂತರೆ ನಮಗೆ ಭಯವಾಗದು; ಮನಸ್ಸು ಅರಳುವುದು. ಆ ಅಂತರವು ಕಿವಿಯ ಮೇಲೆ ಬೀಳುವುದು ಎರಡು ಕಡೆಗಳಲ್ಲಿಯೂ ಒಂದೇ ತೆರನಾಗಿ. ಫಲ ಮಾತ್ರ ಬೇರೆ. ಪಾಶ್ಚಾತ್ಯನು ಅದನ್ನು ಮುಂದಿನ ಸ್ವರಮೇಳದಲ್ಲಿ ಪರಿಹಾರವಾಗಬೇಕಾದ ಬಿಕ್ಕಟ್ಟೆಂದು ಕೇಳುವನು. ಪರಿಹಾರವನ್ನು ಕೊಡದೆ ನಿಲ್ಲಿಸಿದರೆ ಅವನಲ್ಲಿ ಕಳವಳ ಹುಟ್ಟುವುದು. ನಾವು ಅದನ್ನು ರಾಗದ ಒಂದು ನೆಲೆಯೆಂದು ಕೇಳುವೆವು. ಇಷ್ಟರಿಂದ ಸ್ವರಗಳಿಗೆ ಸ್ವಭಾವಸಿದ್ಧವಾದ ಭಯವೇ ಇಲ್ಲವೆಂದು ಹೇಳಲಾಗದು. ಹಠಾತ್ತಾದ ದೊಡ್ಡ ಶಬ್ದ, ಬಹು ತಗ್ಗಿನ ಮೊರೆತ, ಚೀತ್ಕಾರವನ್ನು ಹೋಲುವ ಏರಿಕೆ, ಇವು ಯಾವ ದೇಶದವನನ್ನಾದರೂ ಬೆಚ್ಚಿಸುವುವು. ಆದರೆ ಇವು ಸಾಮಾನ್ಯಸಾಮಗ್ರಿ, ಉಳಿದುದೆಲ್ಲ ಸಂಪ್ರದಾಯ.

ಸಂಪ್ರದಾಯವು ಎಷ್ಟು ಬೇಗ ಹುಟ್ಟಬಲ್ಲುದೆಂಬುದಕ್ಕೆ ಥೆರೆಮಿನ್ ಎಂಬ ವಾದ್ಯವು ಸಾಕ್ಷಿ. ರಷ್ಯದ ಲೆವ್ ಟೆರ್ಮೆನ್ ಎಂಬ ವಿಜ್ಞಾನಿಯು ಇದನ್ನು ೧೯೨೦ರ ಸುಮಾರಿಗೆ ನಿರ್ಮಿಸಿದನು. ಇದನ್ನು ಮುಟ್ಟದೆಯೇ ನುಡಿಸಬೇಕು. ಒಂದು ಲೋಹದ ಕಂಬಿಯ ಬಳಿ ಬಲಗೈಯನ್ನು ಆಡಿಸಿದರೆ ಸ್ವರವು ಏರುವುದು ಇಳಿಯುವುದು. ಇನ್ನೊಂದು ಬಳೆಯಾಕಾರದ ಕಂಬಿಯ ಬಳಿ ಎಡಗೈಯನ್ನು ಆಡಿಸಿದರೆ ನಾದವು ದೊಡ್ಡದಾಗುವುದು ಸಣ್ಣದಾಗುವುದು. ಮೆಟ್ಟಿಲಾಗಲಿ ತಂತಿಯಾಗಲಿ ಇಲ್ಲದುದರಿಂದ ಒಂದು ಸ್ವರದಿಂದ ಮತ್ತೊಂದಕ್ಕೆ ಜಾರಿಕೊಂಡೇ ಹೋಗಬೇಕು. ಹೆಂಗಸಿನ ಕಂಠದಂತೆ ತೋರುವುದು. ಆದರೆ ಉಸಿರೆಳೆಯುವ ವಿರಾಮವಿಲ್ಲ. ೧೯೪೫ರಲ್ಲಿ ಮಿಕ್ಲೋಷ್ ರೋಜನು ಇದನ್ನು ‘ಸ್ಪೆಲ್‌ಬೌಂಡ್’ ಚಿತ್ರದಲ್ಲಿ ಚಿತ್ತವಿಕಾರಕ್ಕೂ ‘ದಿ ಲಾಸ್ಟ್ ವೀಕೆಂಡ್’ ಚಿತ್ರದಲ್ಲಿ ಕುಡುಕನ ತೃಷ್ಣೆಗೂ ಬಳಸಿದನು. ೧೯೫೦ರಲ್ಲಿ ಲಿಪರ್ಟ್ ಎಂಬ ಸಣ್ಣ ಸಂಸ್ಥೆಯವರು, ದೊಡ್ಡ ವೆಚ್ಚದಲ್ಲಿ ಸಿದ್ಧವಾಗುತ್ತಿದ್ದ ‘ಡೆಸ್ಟಿನೇಷನ್ ಮೂನ್’ ಚಿತ್ರಕ್ಕಿಂತ ಮುಂಚೆಯೇ ತೆರೆಗೆ ತರಬೇಕೆಂಬ ಆತುರದಿಂದ ‘ರಾಕೆಟ್‌ಷಿಪ್ ಎಕ್ಸ್-ಎಂ’ ಎಂಬ ಅಲ್ಪವ್ಯಯದ ಚಿತ್ರವನ್ನು ತೆಗೆದರು. ಅದರ ಸಂಗೀತಕರ್ತೃ ಫರ್ಡಿ ಗ್ರೋಫೆ. ಥೆರೆಮಿನ್ ನುಡಿಸಿದವನು ಸಾಮ್ಯುಯೆಲ್ ಹಾಫ್‌ಮನ್. ವೃತ್ತಿಯಲ್ಲಿ ಪಾದರೋಗಗಳ ವೈದ್ಯನಾಗಿದ್ದ ಈ ಹಾಫ್‌ಮನ್ನನೇ ರೋಜನ ಚಿತ್ರಗಳಿಗೂ ನುಡಿಸಿದ್ದವನು. ಮರುವರ್ಷ ಬರ್ನಾರ್ಡ್ ಹರ್ಮನ್ನನು ‘ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’ ಚಿತ್ರದಲ್ಲಿ ಎರಡು ಥೆರೆಮಿನ್‌ಗಳನ್ನು ಬಳಸಿದ ಮೇಲಂತೂ ಆ ನಾದವೇ ಗ್ರಹಾಂತರದ ಭಾಷೆಯಾಗಿಬಿಟ್ಟಿತು. ೧೯೪೫ರಲ್ಲಿ ಮದ್ಯಪಾನದ ವ್ಯಂಜಕವಾಗಿದ್ದುದು ಐದಾರು ವರ್ಷಗಳಲ್ಲಿ ಗ್ರಹಾಂತರದ ವ್ಯಂಜಕವಾಯಿತು. ಕವಿಗಳಲ್ಲಿ ಚಕೋರವು ಬೆಳುದಿಂಗಳನ್ನು ಕುಡಿಯುವುದು ಹೇಗೋ ಹಾಗೆ ಇದೂ ಒಂದು ಕವಿಸಮಯ. ನಿಜವಾದ ಆಕಾಶದಲ್ಲಿ ವಾಯುವಿಲ್ಲದ ಕಾರಣ ಯಾವ ನಾದವೂ ಕೇಳಿಸದೆಂಬುದನ್ನು ಯಾರೂ ಎಣಿಸಲಿಲ್ಲ.

ಸೂಚನೆಯ ಇನ್ನೊಂದು ಬಗೆಯು ‘ಕ್ರೀಚರ್ ಫ್ರಂ ದಿ ಬ್ಲ್ಯಾಕ್ ಲಗೂನ್’ ಚಿತ್ರದಲ್ಲಿದೆ. ಅಲ್ಲಿ ಜಲಚರನು ಕಾಣಿಸಿಕೊಳ್ಳುವಾಗಲೆಲ್ಲ ಕಹಳೆಗಳು ಮೂರು ಸ್ವರಗಳನ್ನು ಕರ್ಕಶವಾಗಿ ಕೂಗುವುವು. ಕೆಲವು ಸಾರಿ ಕೇಳಿದ ಮೇಲೆ ಪ್ರೇಕ್ಷಕನಿಗೆ ಜಲಚರನನ್ನು ತೋರಿಸಬೇಕಾದುದೇ ಇಲ್ಲ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ ಮೂರು ಸ್ವರಗಳಿಂದ ಅವನ ಸಾನ್ನಿಧ್ಯವನ್ನು ಊಹಿಸಬಹುದು. ನಿರ್ಮಾಪಕನಿಗೆ ಇದು ಎಷ್ಟು ಅನುಕೂಲವೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಇಲ್ಲಿ ಒಂದು ವಿವೇಚನೆ ಬೇಕು. ಲಿಂಗದಿಂದ ಲಿಂಗಿಯನ್ನು ತಿಳಿಸುವುದು ಅನುಮಾನ, ಅದು ರಸವಲ್ಲ. ಅನುಮಾನವು ಪದೇ ಪದೇ ಆದಾಗ ಭಯವು ಅಭ್ಯಾಸವಾಗಿ ಮಂದವಾಗುವುದು. ಈ ಚಿತ್ರದ ಮೂರು ಸ್ವರಗಳು ಕೊನೆಕೊನೆಗೆ ಬೆಚ್ಚಿಸುವುದನ್ನು ಬಿಟ್ಟು ವಾರ್ತೆಯನ್ನು ಮಾತ್ರ ಹೇಳುವುವು.

ಇಂಗ್ಲೆಂಡಿನ ಹ್ಯಾಮರ್ ಸಂಸ್ಥೆಯವರ ‘ದಿ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್’ (೧೯೫೫) ಚಿತ್ರದಲ್ಲಿ ಜೇಮ್ಸ್ ಬರ್ನಾರ್ಡನು ಮಾಡಿದುದು ಇದಕ್ಕಿಂತ ಸೂಕ್ಷ್ಮ. ಸಪ್ತದಶ ಶತಮಾನದ ವೆಬ್‌ಸ್ಟರ್ ಕವಿಯ ‘ಡಚೆಸ್ ಆಫ್ ಮಾಲ್ಫಿ’ ಎಂಬ ದುರಂತನಾಟಕಕ್ಕೆ ಬಾನುಲಿಯಲ್ಲಿ ಒದಗಿಸಿದ್ದ ಸಂಗೀತದಿಂದ ಅವನಿಗೆ ಈ ಕೆಲಸ ದೊರಕಿತು. ಅವನು ತಂತೀವಾದ್ಯಗಳನ್ನೂ ತಾಳವಾದ್ಯಗಳನ್ನೂ ಮಾತ್ರ ಇಟ್ಟುಕೊಂಡನು. ಅಕ್ಕಪಕ್ಕದ ಸ್ವರಸ್ಥಾನಗಳನ್ನು ಒಟ್ಟಿಗೆ ಹಿಡಿದು ಉಜ್ಜಿದಾಗ ಹುಟ್ಟುವ ಒರಟು ನಾದವು, ಆಕಾಶಯಾನದಿಂದ ಮರಳಿ ಮೆಲ್ಲಮೆಲ್ಲನೆ ಬೇರೊಂದು ಜೀವಿಯಾಗುತ್ತಿರುವ ಮನುಷ್ಯನ ಮೈಯ ಬೇನೆಗೆ ಸರಿಹೊಂದುವುದು. ತಂತಿಗಳಿಂದಲೇ ಭಯವನ್ನು ಸಾಧಿಸಿದುದಕ್ಕೆ ಹರ್ಮನ್ನನ ‘ಸೈಕೋ’ (೧೯೬೦) ಜಗತ್ಪ್ರಸಿದ್ಧ. ಬರ್ನಾರ್ಡನ ಪ್ರಯತ್ನವು ಅದಕ್ಕಿಂತ ಐದು ವರ್ಷ ಹಿಂದಿನದು.

೪. ಒಂದೇ ವಾದ್ಯದ ಚಿತ್ರ

ಬಡತನವು ಗುಣವಾಗಿ ಪರಿಣಮಿಸಿದುದಕ್ಕೆ ‘ಕಾರ್ನಿವಲ್ ಆಫ್ ಸೋಲ್ಸ್’ (೧೯೬೨) ಚಿತ್ರಕ್ಕಿಂತ ಉತ್ತಮವಾದ ನಿದರ್ಶನವಿಲ್ಲ. ಕಾನ್ಸಾಸ್ ಪ್ರಾಂತದ ಲಾರೆನ್ಸ್ ಎಂಬ ಊರಿನಲ್ಲಿ ಶಿಕ್ಷಣಚಿತ್ರಗಳನ್ನೂ ಕೈಗಾರಿಕೆಯ ಚಿತ್ರಗಳನ್ನೂ ತೆಗೆಯುತ್ತಿದ್ದ ಹರ್ಕ್ ಹಾರ್ವಿ ಎಂಬಾತನು ಸುಮಾರು ೩೩,೦೦೦ ಡಾಲರುಗಳಲ್ಲಿ ಇದನ್ನು ನಿರ್ಮಿಸಿದನು. ಇದರ ಸಂಗೀತವೆಲ್ಲ ಜೀನ್ ಮೂರ್ ಎಂಬುವನು ನುಡಿಸಿದ ಒಂದು ಆರ್ಗನ್ ವಾದ್ಯದಿಂದ ಬಂದುದು.

ಕಥೆ ಸಣ್ಣದು. ಮೇರಿ ಹೆನ್ರಿ ಎಂಬ ತರುಣಿಯು ಕುಳಿತಿದ್ದ ಮೋಟಾರುಗಾಡಿಯು ಸೇತುವೆಯಿಂದ ನದಿಗೆ ಬೀಳುವುದು. ಬಹಳ ಹೊತ್ತಾದ ಮೇಲೆ ಅವ��ೊಬ್ಬಳೇ ನೀರಿನಿಂದೆದ್ದು ಬರುವಳು. ಅವಳ ವೃತ್ತಿಯು ಆರ್ಗನ್ ನುಡಿಸುವುದು. ಸಾಲ್ಟ್ ಲೇಕ್ ನಗರದ ಒಂದು ಚರ್ಚಿನಲ್ಲಿ ಕೆಲಸ ದೊರೆತು ಅಲ್ಲಿಗೆ ಹೋಗುವಳು. ದಾರಿಯುದ್ದಕ್ಕೂ ಬಿಳಿಚಿದ ಮುಖದ ಪುರುಷನೊಬ್ಬನು ಅವಳಿಗೆ ಮಾತ್ರ ಕಾಣಿಸುವನು. ಸರೋವರದ ತಡಿಯಲ್ಲಿ ಪಾಳುಬಿದ್ದ ಒಂದು ವಿಹಾರಮಂದಿರವು ಅವಳನ್ನು ಸೆಳೆಯುತ್ತಿರುವುದು. ಕಡೆಯಲ್ಲಿ ನದಿಯಿಂದ ಮೇಲೆತ್ತಿದ ಗಾಡಿಯಲ್ಲಿ ಉಳಿದವರ ಶವಗಳೊಡನೆ ಅವಳ ಶವವೂ ಇರುವುದು.

ಇಲ್ಲಿ ಆರ್ಗನ್ ಎರಡು ಪಾತ್ರಗಳನ್ನು ವಹಿಸಿದೆ. ಅದು ಕಥೆಯ ಒಳಗೂ ಇದೆ, ಹೊರಗೂ ಇದೆ. ಪ್ರೇಕ್ಷಕನು ಕೇಳುತ್ತಿರುವ ಹಿನ್ನೆಲೆಯ ನಾದವೂ ನಾಯಿಕೆಯ ಕೈಯಿಂದ ಹುಟ್ಟುವ ನಾದವೂ ಒಂದೇ ವಾದ್ಯದ್ದಾದುದರಿಂದ ಇವೆರಡರ ನಡುವಣ ಗಡಿಯು ಅಳಿದುಹೋಗುವುದು. ಒಮ್ಮೆ ಚರ್ಚಿನಲ್ಲಿ ಅಭ್ಯಾಸಮಾಡುತ್ತಿರುವಾಗ ಅವಳ ಬೆರಳುಗಳು ತಮ್ಮಷ್ಟಕ್ಕೆ ತಾವೇ ಸ್ತೋತ್ರವನ್ನು ಬಿಟ್ಟು ವಿಕಾರವಾದ ಬೇರೊಂದು ರಾಗಕ್ಕೆ ಹೊರಳುವುವು. ಪಾದ್ರಿಯು ಓಡಿಬಂದು ತಡೆದು, ಇದು ದೈವದ್ರೋಹವೆಂದು ಹೇಳಿ ಅವಳನ್ನು ಕೆಲಸದಿಂದ ಬಿಡಿಸುವನು. ಅಲ್ಲಿಯವರೆಗೆ ನಾವು ‘ಹಿನ್ನೆಲೆ’ಯೆಂದು ತಿಳಿದಿದ್ದುದು ಅವಳನ್ನು ಒಳಗಿನಿಂದ ಆಳುತ್ತಿದ್ದ ಶಕ್ತಿಯೆಂದು ಆಗ ಹೊಳೆಯುವುದು. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ಇದು ಶುದ್ಧವಾದ ವ್ಯಂಜನೆ.

ಆರ್ಗನ್ ವಾದ್ಯದ ಸ್ವಭಾವವೂ ಇಲ್ಲಿ ನೆರವಾಗಿದೆ. ಪಿಯಾನೋವಿನ ಸ್ವರವು ಹುಟ್ಟಿದ ಕ್ಷಣದಿಂದ ಸಾಯತೊಡಗುವುದು. ಕೊಳಲಿನ ಸ್ವರಕ್ಕೆ ಮನುಷ್ಯನ ಉಸಿರಿನ ಮಿತಿಯುಂಟು. ಆರ್ಗನಿನ ಸ್ವರವಾದರೋ ಬೆರಳನ್ನು ತೆಗೆಯುವವರೆಗೆ ಏರದೆ ಇಳಿಯದೆ ನಿಂತಿರುವುದು. ಉಸಿರಿಲ್ಲದೆ ನಡೆದಾಡುವವಳ ಕಥೆಗೆ ಉಸಿರುಗಟ್ಟದ ಈ ನಾದವು ತಕ್ಕುದಾಗಿದೆ. ಇದಕ್ಕೆ ಪ್ರತಿಯಾಗಿ ನಿರ್ದೇಶಕನು ನಿಶ್ಶಬ್ದವನ್ನೂ ಬಳಸಿಕೊಂಡಿರುವನು. ಅಂಗಡಿಯೊಂದರಲ್ಲಿ ನಾಯಿಕೆಯ ಸುತ್ತ ಇದ್ದಕ್ಕಿದ್ದಂತೆ ಊರಿನ ಸದ್ದೆಲ್ಲ ಅಡಗಿ, ಯಾರಿಗೂ ಅವಳು ಕಾಣದಂತೆ ಕೇಳದಂತೆ ಆಗುವುದು. ಮುಂದೆ ಉದ್ಯಾನದಲ್ಲಿ ಒಂದು ಹಕ್ಕಿಯ ಉಲಿಯೊಡನೆ ಲೋಕವು ಅವಳಿಗೆ ಮರಳಿ ಬರುವುದು. ವಾದ್ಯಮೇಳವನ್ನು ಕೂಡಿಸಲು ಹಣವಿದ್ದಿದ್ದರೆ ಈ ಏಕಾಗ್ರತೆಯು ಲಭಿಸುತ್ತಿದ್ದಿತೇ ಎಂಬುದು ಸಂದೇಹ.

೫. ಒಂದೇ ಸಂಗೀತ, ಎರಡು ಫಲ

ಸಂದರ್ಭದ ಬಲವೆಷ್ಟೆಂಬುದನ್ನು ತಿಳಿಯುವುದಕ್ಕೆ, ಸಂಗೀತವು ಬದಲಾಗದೆ ಚಿತ್ರವು ಮಾತ್ರ ಬದಲಾಗುವ ಎರಡು ನಿದರ್ಶನಗಳು ಬೇಕು. ಸಂಗೀತಭಂಡಾರಗಳ ದೆಸೆಯಿಂದ ಅಂತಹವು ದೊರೆತಿವೆ. ಟಾಮ್ ಗ್ರೇಫನ ‘ಟೀನೇಜರ್ಸ್ ಫ್ರಂ ಔಟರ್ ಸ್ಪೇಸ್’ ೧೯೫೯ರಲ್ಲಿ ಹೊರಟಿತು. ಜಾರ್ಜ್ ರೊಮೆರೋವಿನ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ೧೯೬೮ರಲ್ಲಿ, ಸುಮಾರು ೧,೧೪,೦೦೦ ಡಾಲರುಗಳ ವೆಚ್ಚದಲ್ಲಿ, ಪಿಟ್ಸ್‌ಬರ್ಗ್ ನಗರದ ಆಸುಪಾಸಿನಲ್ಲಿ ತಯಾರಾಯಿತು. ಎರಡಕ್ಕೂ ಕ್ಯಾಪಿಟಲ್ ಸಂಸ್ಥೆಯ ‘ಹೈ-ಕ್ಯೂ’ ಎಂಬ ಭಂಡಾರದಿಂದ ಸಂಗೀತವು ಬಂದಿತು. ಮೊದಲನೆಯದರಲ್ಲಿ ಕೇಳಿದ ತುಣುಕುಗಳೇ ಎರಡನೆಯದರಲ್ಲಿಯೂ ಕೇಳುವುವು.

ಗ್ರೇಫನ ಚಿತ್ರದಲ್ಲಿ ಆಕಾಶದಿಂದಿಳಿದ ತರುಣರು ತಂದ ಭೀಕರಪ್ರಾಣಿಯೆಂದರೆ ಲಾಬ್‌ಸ್ಟರ್ ಎಂಬ ಕಡಲಜೀವಿಯ ದೊಡ್ಡದುಮಾಡಿದ ನೆರಳು. ಸಂಗೀತವು ಎಷ್ಟು ಕೂಗಿಕೊಂಡರೂ ಕಣ್ಣು ಒಪ್ಪುವುದಿಲ್ಲ. ಕೂಗಿಕೊಂಡಷ್ಟೂ ಹಾಸ್ಯವೇ ಹೆಚ್ಚುವುದು. ರೊಮೆರೋವಿನ ಚಿತ್ರದಲ್ಲಿ ಹೊಲದ ನಡುವಣ ಒಂದು ಮನೆ, ಕಿಟಕಿಗೆ ಹೊಡೆದ ಹಲಗೆಗಳು, ಹೊರಗೆ ಮೆಲ್ಲನೆ ನಡೆದುಬರುವ ಶವಗಳು, ಒಳಗೆ ಒಬ್ಬರನ್ನೊಬ್ಬರು ನಂಬದ ಜನ. ಅಲ್ಲಿ ಅವೇ ಸ್ವರಗಳು ಮೈ ನವಿರೇಳಿಸುವುವು. ಹಳೆಯ ಅಗ್ಗದ ಚಿತ್ರಗಳಿಂದ ಪರಿಚಿತವಾದ ನಾದವು ಕಿವಿಗೆ ಬಿದ್ದಾಗ, ಇದೂ ಅಂತಹದೇ ಆಟವೆಂದು ಪ್ರೇಕ್ಷಕನು ನೆಮ್ಮದಿಯಿಂದ ಕುಳಿತಿರುವನು. ಕಣ್ಣಿಗೆ ಬೀಳುವುದು ಆಟವಲ್ಲವೆಂದು ತಿಳಿದಾಗ ಆ ಪರಿಚಯವೇ ಅವನನ್ನು ವಂಚಿಸುವುದು. ಸಂಕೇತವು ಹಳೆಯದಾಗಿದ್ದುದರಿಂದಲೇ ಅದನ್ನು ಮುರಿಯುವುದು ಸಾಧ್ಯವಾಯಿತು.

ಅರ್ಥವ್ಯಂಜನೆಗೆ ಹೇತುಗಳನ್ನು ಎಣಿಸುವಾಗ ಮಮ್ಮಟನು ವಕ್ತೃ, ಬೋದ್ಧವ್ಯ, ಪ್ರಸ್ತಾವ, ದೇಶ, ಕಾಲ ಮೊದಲಾದುವನ್ನು ಹೇಳಿರುವನು. ಸೂರ್ಯನು ಮುಳುಗಿದನೆಂಬ ಒಂದೇ ಮಾತು ಕಳ್ಳನಿಗೊಂದು, ಅಭಿಸಾರಿಕೆಗೊಂದು, ಗೋವಳನಿಗೊಂದು ಅರ್ಥವನ್ನು ಸೂಚಿಸುವ ಉದಾಹರಣೆಯು ನಮ್ಮ ಅಧ್ಯಾಪಕರಿಗೆಲ್ಲ ಪರಿಚಿತವಾದುದು. ನಾದಕ್ಕೆ ವಾಚ್ಯಾರ್ಥವೇ ಇಲ್ಲದುದರಿಂದ ಅದು ಮಾತಿಗಿಂತಲೂ ಹೆಚ್ಚಾಗಿ ಪ್ರಸ್ತಾವಕ್ಕೆ ಅಧೀನವೆಂಬುದು ಈ ಎರಡು ಚಿತ್ರಗಳಿಂದ ಸಿದ್ಧವಾಗುವುದು.

೬. ಕರ್ತೃತ್ವವೂ ರಕ್ಷಣೆಯೂ

ಕೊನೆಯದಾಗಿ ಒಂದು ಮಾತು. ಹಸ್ತಪ್ರತಿಗಳಲ್ಲಿ ಕೆಲಸಮಾಡಿದವರಿಗೆ ಅಜ್ಞಾತಕರ್ತೃಕ ಗ್ರಂಥಗಳ ತೊಡಕೂ ಪ್ರಕ್ಷಿಪ್ತಗಳ ತೊಡಕೂ ಗೊತ್ತು. ಈ ಚಿತ್ರಗಳ ಸಂಗೀತದಲ್ಲಿ ಅವೆರಡೂ ಇವೆ. ಮುಖ್ಯಸ್ಥನ ಹೆಸರಿನ ಹಿಂದೆ ರಚಕರ ಹೆಸರುಗಳು ಅಡಗಿವೆ. ಒಂದು ಚಿತ್ರದೊಳಕ್ಕೆ ಇನ್ನೊಂದರ ಪುಟಗಳು ಹೊಕ್ಕಿವೆ. ಕೊಲಂಬಿಯಾ ಸಂಸ್ಥೆಯ ‘ಇಟ್ ಕೇಮ್ ಫ್ರಂ ಬಿನೀತ್ ದಿ ಸೀ’ (೧೯೫೫) ಮೊದಲಾದ ಚಿತ್ರಗಳಲ್ಲಿ ಮಿಷಾ ಬಕಲೈನಿಕಾಫನು ತನ್ನ ರಚನೆಯೊಡನೆ ಇತರರ ಹಳೆಯ ರಚನೆಗಳನ್ನು ಹೊಲಿದಿರುವುದನ್ನು ಬಿಡಿಸಿನೋಡುವುದೆಂದರೆ ಸಂಕಲನಗ್ರಂಥವೊಂದರ ಮೂಲಗಳನ್ನು ಶೋಧಿಸಿದಂತೆಯೇ ಸರಿ. ಬರೆಹದ ಪ್ರತಿಗಳಾದರೂ ಸುರಕ್ಷಿತವಾಗಿದ್ದರೆ ಈ ಕೆಲಸ ಸುಲಭವಾಗುತ್ತಿದ್ದಿತು. ಎಂ.ಜಿ.ಎಂ.ನಂತಹ ಶ್ರೀಮಂತ ಸಂಸ್ಥೆಯೇ ೧೯೬೯ರ ಸುಮಾರಿಗೆ ತನ್ನ ಸ್ವರಲಿಪಿಯ ಭಂಡಾರವನ್ನು ಹಳ್ಳ ತುಂಬುವ ಕಸಕ್ಕೆ ಸೇರಿಸಿತೆಂದ ಮೇಲೆ ಸಣ್ಣ ಸಂಸ್ಥೆಗಳ ಮಾತನ್ನು ಹೇಳುವುದೇನು!

ಆದರೂ ಶೋಧಕರು ಕೈಚೆಲ್ಲಿಲ್ಲ. ೧೯೯೦ರ ದಶಕದಲ್ಲಿ ಜಾನ್ ಮಾರ್ಗನ್ನನು ‘ಹೌಸ್ ಆಫ್ ಫ್ರಾಂಕೆನ್‌ಸ್ಟೈನ್’ (೧೯೪೪) ಚಿತ್ರದ ಸಂಗೀತವನ್ನು ಪುನರುದ್ಧಾರ ಮಾಡಲು, ವಿಲಿಯಂ ಸ್ಟ್ರಾಂಬರ್ಗನ ನಿರ್ದೇಶನದಲ್ಲಿ ಮಾಸ್ಕೋ ನಗರದ ವಾದ್ಯಮೇಳದವರು ಅದನ್ನು ನುಡಿಸಿ ಮುದ್ರಿಸಿದರು. ಡೇವಿಡ್ ಷೆಕ್ಟರನು ೧೯೫೦ರ ದಶಕದ ಚಿತ್ರಗಳಿಗೆ ಇಂತಹ ಸೇವೆಯನ್ನೇ ಮಾಡಿ, ಯಾವ ಭಾಗವನ್ನು ಯಾರು ಬರೆದರೆಂಬುದನ್ನು ವಿವರವಾಗಿ ಗೊತ್ತುಮಾಡಿದನು. ಹೆಸರನ್ನು ಕಳೆದುಕೊಂಡಿದ್ದವರಿಗೆ ಹೆಸರನ್ನು ಮರಳಿಸುವುದು ಗ್ರಂಥಸಂಪಾದನೆಯ ಮೊದಲ ಧರ್ಮವಲ್ಲವೇ?

ಇದುವರೆಗಿನ ವಿಚಾರದಿಂದ ತಿಳಿದುಬಂದುದಿಷ್ಟು. ಭಯಕ್ಕೆ ಪ್ರತ್ಯೇಕವಾದ ಸ್ವರವೊಂದು ಪ್ರಕೃತಿಯಲ್ಲಿ ಇಲ್ಲ. ಹಣವಿಲ್ಲದವರು ಕೈಗೆ ಸಿಕ್ಕಿದ ನಾದವನ್ನು ಮತ್ತೆ ಮತ್ತೆ ಬಳಸಿದುದರಿಂದ ಒಂದು ಸಂಕೇತಭಾಷೆಯು ಹುಟ್ಟಿತು. ಆ ಭಾಷೆಯು ಸಂದರ್ಭವನ್ನು ಪಡೆದಾಗ ರಸಕ್ಕೆ ದಾರಿಮಾಡಿಕೊಟ್ಟಿತು, ಪಡೆಯದಿದ್ದಾಗ ಹಾಸ್ಯಾಸ್ಪದವಾಯಿತು. ಆನಂದವರ್ಧನನು ಗೀತಶಬ್ದಗಳಲ್ಲಿ ಕಂಡ ವ್ಯಂಜಕತ್ವವು ಹೀಗೆ ಅವನ ಕಾಲಕ್ಕೆ ಸಾವಿರ ವರ್ಷಗಳ ಅನಂತರ, ಅವನು ಊಹಿಸದ ದೇಶದಲ್ಲಿ, ಹೆಸರಿಲ್ಲದ ಕೂಲಿಗಾರರ ಕೈಯಲ್ಲಿ ಸಮರ್ಥಿತವಾಗಿದೆ.